ಓದುಗರ ಪ್ರಶ್ನೆ: ಹಳೆಯ ಔಟ್‌ಬೋರ್ಡ್ ಎಂಜಿನ್ನಿನ ಗುರುತು ಮತ್ತು ದುರಸ್ತಿ

ಪ್ರಶ್ನೆ: ನಾವು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸರೋವರದ ದಂಡೆಯ ಮನೆಯೊಂದನ್ನು ಕೊಂಡಾಗ ಅದರ ಶೆಡ್ಡಿನಲ್ಲಿ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಹಳೆಯ ಔಟ್‌ಬೋರ್ಡ್ ಎಂಜಿನ್ ಒಂದು ಸಿಕ್ಕಿತು. ಮುಚ್ಚಳದ ಮೇಲೆ ‘ಜಾನ್ಸನ್ ಸೀ-ಹಾರ್ಸ್ 10’ ಎಂಬ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಸಿಲಿಂಡರಿನ ಮೇಲೆ ಎರಕದಲ್ಲಿ ಮೂಡಿರುವ ಸಂಖ್ಯೆಯನ್ನು ಹೇಳಿ ಬಿಡಿಭಾಗ ಕೇಳಿದರೆ ಅಂಗಡಿಯವರಿಗೆ ಏನೂ ಗೊತ್ತಾಗುತ್ತಿಲ್ಲ. ಹಗ್ಗ ಎಳೆದರೆ ಎಂಜಿನ್ ಸಲೀಸಾಗಿ ತಿರುಗುತ್ತದೆ, ಆದರೆ ಒಮ್ಮೆಯೂ ಚಾಲೂ ಆಗಿಲ್ಲ. ಟ್ಯಾಂಕಿನಿಂದ ಜೋಡಿ ಕೊಳವೆ ಬಂದಿರುವುದೇಕೆ ಎಂಬುದೂ ತಿಳಿಯದು. ಇದು ಯಾವ ಕಾಲದ್ದು? ದುರಸ್ತಿಗೆ ಯೋಗ್ಯವೇ?

ಉತ್ತರ: ಖಂಡಿತ ಯೋಗ್ಯ. ಹಗ್ಗ ಸಲೀಸಾಗಿ ಬರುತ್ತದೆ ಎಂದರೆ ಪಿಸ್ಟನ್ ಹಿಡಿದುಕೊಂಡಿಲ್ಲ, ಅರ್ಧ ಆತಂಕ ಅಲ್ಲಿಗೇ ಕಳೆಯಿತು. ಎರಡು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಕಂಪ್ರೆಶನ್ ಗೇಜ್ ಹಚ್ಚಿ, ಎರಡೂ ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಸಮನಾಗಿದೆಯೇ ಎಂದು ನೋಡಿಕೊಳ್ಳಿ. ಸಮನಾಗಿದ್ದರೆ ಮುಂದಿನ ಖರ್ಚಿಗೆ ಧೈರ್ಯವಾಗಿ ಕೈಹಾಕಬಹುದು.

ನೀವು ಅಂಗಡಿಯಲ್ಲಿ ಹೇಳಿದ್ದು ಎರಕದ ಸಂಖ್ಯೆ. ಒಂದೇ ಎರಕದ ಭಾಗವನ್ನು ಹಲವು ವರ್ಷಗಳ ಮಾದರಿಗಳಲ್ಲಿ ಬಳಸುತ್ತಿದ್ದುದರಿಂದ ಅದರಿಂದ ಎಂಜಿನ್ನಿನ ವಯಸ್ಸು ಹೇಳಲಾಗದು. ನಿಮಗೆ ಬೇಕಾದದ್ದು ಮಾದರಿ ಸಂಖ್ಯೆ. ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಕೊಳ್ಳುವ ಬ್ರಾಕೆಟ್ಟಿನ ಮೇಲೋ ಎಂಜಿನ್ನಿನ ಮುಂಭಾಗದಲ್ಲೋ ಸಣ್ಣ ಲೋಹದ ಪಟ್ಟಿಯೊಂದಿರುತ್ತದೆ. ಅದನ್ನು ಮರಳು ಕಾಗದದಿಂದ ಉಜ್ಜಬೇಡಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಅಕ್ಷರಗಳು ಕಾಣುತ್ತವೆ. ಆ ಕಾಲದ 10 ಅಶ್ವಶಕ್ತಿಯ ಜಾನ್ಸನ್ ಎಂಜಿನ್ನುಗಳಿಗೆ ‘ಕ್ಯೂಡಿ’ ಎಂಬ ಅಕ್ಷರಗಳ ಮುಂದೆ ಒಂದು ಅಂಕಿ ಇರುತ್ತದೆ. ಕ್ಯೂಡಿ-10 ಎಂದರೆ 1949ರ ಮಾದರಿ. ಅಲ್ಲಿಂದ ವರ್ಷಕ್ಕೆ ಒಂದರಂತೆ ಏರುತ್ತ 1958ಕ್ಕೆ ಕ್ಯೂಡಿ-19 ಆಗುತ್ತದೆ. ಮುಂದಕ್ಕೆ, ಹಿಂದಕ್ಕೆ ಮತ್ತು ನ್ಯೂಟ್ರಲ್ ಇರುವ ಗೇರು ಹಾಗೂ ಎಂಜಿನ್ನಿನಿಂದ ಬೇರೆಯಾಗಿ ಇಡುವ ಟ್ಯಾಂಕು, ಈ ಎರಡೂ ಸೇರಿ ಬಂದದ್ದು ಆ 1949ರ ಮಾದರಿಯಲ್ಲಿ. ಬಣ್ಣವನ್ನು ನಂಬಿ ವರ್ಷ ನಿರ್ಧರಿಸಬೇಡಿ, ಎಷ್ಟೋ ಎಂಜಿನ್ನುಗಳಿಗೆ ಮಾಲೀಕರು ಮತ್ತೆ ಬಣ್ಣ ಬಳಿದಿರುತ್ತಾರೆ. ಜಾನ್ಸನ್ ಮತ್ತು ಎವಿನ್‌ರೂಡ್ ಆಗ ಔಟ್‌ಬೋರ್ಡ್ ಮರೀನ್ ಎಂಬ ಒಂದೇ ಸಂಸ್ಥೆಯ ಒಡೆತನದಲ್ಲಿದ್ದವು, ಒಳಗಿನ ಅನೇಕ ಭಾಗಗಳೂ ಒಂದೇ. ಆದ್ದರಿಂದ ಬಿಡಿಭಾಗ ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ.

ಇನ್ನು ಎಂಜಿನ್ ಏಕೆ ಚಾಲೂ ಆಗುತ್ತಿಲ್ಲ ಎಂಬ ಮಾತು. ಪ್ಲಗ್ಗಿನ ತಂತಿಯ ತುದಿಯಿಂದ ಲೋಹದ ಮೈಗೆ ಸುಮಾರು ಕಾಲು ಇಂಚು ದೂರವನ್ನು ದಾಟಿ ನೀಲಿ ಕಿಡಿ ಹಾರಬೇಕು. ಕಿಡಿ ಹಾರುವ ದೂರವನ್ನು ಹೊಂದಿಸಬಲ್ಲ ಪರೀಕ್ಷಕ ಕಡಿಮೆ ಬೆಲೆಗೆ ಸಿಗುತ್ತದೆ. ಕೈಯಲ್ಲಿ ತಂತಿ ಹಿಡಿದು ನೋಡುವುದಕ್ಕಿಂತ ಅದೇ ಸುರಕ್ಷಿತ. ನಿಮ್ಮ ಎಂಜಿನ್ನಿನಲ್ಲಿ ಕಿಡಿ ಇಲ್ಲದಿರುವ ಸಂಭವವೇ ಹೆಚ್ಚು. ಏಕೆಂದರೆ ಈ ಪೀಳಿಗೆಯ ಎಂಜಿನ್ನುಗಳಲ್ಲಿ ಫ್ಲೈವೀಲಿನ, ಅಂದರೆ ಎಂಜಿನ್ನಿನ ಮೇಲ್ಭಾಗದ ಭಾರವಾದ ಚಕ್ರದ, ಕೆಳಗೆ ಕುಳಿತು ಕಿಡಿಗೆ ವಿದ್ಯುತ್ತು ಒದಗಿಸುವ ಎರಡು ಇಗ್ನಿಶನ್ ಕಾಯಿಲುಗಳ ಹೊರಕವಚ ಕಾಲ ಕಳೆದಂತೆ ಬಿರುಕು ಬಿಟ್ಟು, ಒಳಗೆ ತೇವ ಸೇರಿ, ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಅಲ್ಲಿಯೇ ಮೈಗೆ ಹರಿದುಹೋಗುತ್ತದೆ. ಇದು ಈ ಎಂಜಿನ್ನುಗಳ ಪ್ರಸಿದ್ಧ ದೋಷ. ಕವಚದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಕಾಯಿಲನ್ನು ಬದಲಿಸಿ. 582995 ಎಂಬ ಸಂಖ್ಯೆಯ ಕಾಯಿಲ್ ಈಗಲೂ ಹೊಸದಾಗಿ ಸಿಗುತ್ತದೆ.

ಕಾಯಿಲಿಗೆ ಕೈ ಸಿಗಬೇಕಾದರೆ ಫ್ಲೈವೀಲ್ ತೆಗೆಯಬೇಕು. ಮೇಲಿನ ನಟ್ಟು ಬಿಚ್ಚಿದ ಮೇಲೆ ಫ್ಲೈವೀಲಿನ ನಡುಭಾಗದಲ್ಲಿ ತಿರುಪಿನ ಎಳೆಗಳಿರುವ ಮೂರು ತೂತುಗಳು ಕಾಣುತ್ತವೆ, ಅವಕ್ಕೆ ಬೋಲ್ಟು ಹಾಕಿ ಪುಲ್ಲರಿನಿಂದ ಎಳೆಯಬೇಕು. ಎರಡು ಅಥವಾ ಮೂರು ದವಡೆಯ ಸಾಮಾನ್ಯ ಪುಲ್ಲರನ್ನು ಅಂಚಿಗೆ ಸಿಕ್ಕಿಸಿದರೆ ಫ್ಲೈವೀಲ್ ಸೊಟ್ಟಗಾಗುತ್ತದೆ. ಸುತ್ತಿಗೆಯ ಪೆಟ್ಟು ಕ್ರ್ಯಾಂಕ್ ಶಾಫ್ಟಿನ ತಿರುಪಿನ ಎಳೆಗಳನ್ನು ಹಾಳುಮಾಡುತ್ತದೆ. ಶಾಫ್ಟಿನ ಕಚ್ಚಿನಲ್ಲಿ ಕೂತಿರುವ ಅರ್ಧಚಂದ್ರಾಕಾರದ ಕೀ ಜೋಪಾನ. ಹೊಸ ಕಾಯಿಲನ್ನು ಕೂರಿಸುವಾಗ ಅದರ ಕಬ್ಬಿಣದ ಪದರಗಳ ಹೊರ ಅಂಚು, ತಳತಟ್ಟೆಯ ಮೇಲೆ ಕಡೆದು ನಯಮಾಡಿರುವ ಉಬ್ಬಿನ ಅಂಚಿಗೆ ಸರಿಸಮನಾಗಿರಬೇಕು. ತುಸು ಹೊರಗೆ ಚಾಚಿದರೆ ಫ್ಲೈವೀಲಿಗೆ ಉಜ್ಜುತ್ತದೆ, ಒಳಗೆ ಸರಿದರೆ ಕಿಡಿ ದುರ್ಬಲವಾಗುತ್ತದೆ. ಅಷ್ಟು ಬಿಚ್ಚಿದ ಮೇಲೆ, ತೆರೆದು ಮುಚ್ಚಿ ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟುಗಳನ್ನೂ ಅವುಗಳ ಜೊತೆಗಿರುವ ಕಂಡೆನ್ಸರುಗಳನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಪಾಯಿಂಟ್ ಪೂರ್ತಿ ತೆರೆದಾಗ ನಡುವೆ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಅಂತರವಿರಲಿ. ಹೊಸ ಪಾಯಿಂಟಿನ ಮೇಲೂ ಎಣ್ಣೆಯ ತೆಳುವಾದ ಪೊರೆ ಇರುವುದುಂಟು, ಸ್ವಚ್ಛವಾದ ದಪ್ಪ ಕಾಗದವನ್ನು ನಡುವೆ ತೂರಿಸಿ ಎಳೆದು ಅದನ್ನು ತೆಗೆಯಿರಿ. ಪ್ಲಗ್ಗುಗಳು ಚಾಂಪಿಯನ್ ಜೆ6ಸಿ, ಅವುಗಳ ಅಂತರ 0.030 ಇಂಚು.

ಎರಡು ಕೊಳವೆಯ ಟ್ಯಾಂಕಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಅಪಾಯವೂ ಇದೆ. ನಿಮ್ಮ ಎಂಜಿನ್ನಿಗೆ ಪೆಟ್ರೋಲ್ ಪಂಪು ಇಲ್ಲ. ಕ್ರ್ಯಾಂಕ್ ಕೇಸಿನ, ಅಂದರೆ ಪಿಸ್ಟನ್ನಿನ ಹಿಂದಿರುವ ಗೂಡಿನ, ಒತ್ತಡದ ಗಾಳಿ ಒಂದು ಕೊಳವೆಯಿಂದ ಟ್ಯಾಂಕಿಗೆ ಹೋಗಿ, ಒಳಗಿನ ಪೆಟ್ರೋಲನ್ನು ಒತ್ತಿ, ಇನ್ನೊಂದು ಕೊಳವೆಯಿಂದ ಎಂಜಿನ್ನಿಗೆ ಕಳಿಸುತ್ತದೆ. ಆದ್ದರಿಂದ ಒಂದೇ ಕೊಳವೆಯ ಈಗಿನ ಟ್ಯಾಂಕನ್ನು ಹಾಗೆಯೇ ಜೋಡಿಸಿದರೆ ಅದು ಕೆಲಸ ಮಾಡದು. ಹಳೆಯ ಟ್ಯಾಂಕನ್ನು ಇಟ್ಟುಕೊಳ್ಳುವುದಾದರೆ ಮುಚ್ಚಳದ ಮತ್ತು ಮೇಲ್ಭಾಗದ ಗ್ಯಾಸ್ಕೆಟ್ಟುಗಳನ್ನೂ ಜೋಡಿ ಕೊಳವೆಯನ್ನೂ ಹೊಸದಾಗಿ ಹಾಕಿಸಿ. ಓಡಿದ ಮೇಲೆ ಟ್ಯಾಂಕಿನಲ್ಲಿ ಒತ್ತಡ ಉಳಿದಿರುತ್ತದೆ. ಬಿಸಿ ಎಂಜಿನ್ನಿನ ಬಳಿ ಮುಚ್ಚಳವನ್ನು ಥಟ್ಟನೆ ತೆರೆದರೆ ಪೆಟ್ರೋಲ್ ಚಿಮ್ಮಬಹುದು. ದೂರ ಒಯ್ದು ನಿಧಾನವಾಗಿ ಸಡಿಲಿಸಿ. ಪಂಪು ಜೋಡಿಸುವ ಮಾರ್ಪಾಡನ್ನೂ ಅನೇಕರು ಮಾಡಿಕೊಂಡಿದ್ದಾರೆ. ಆದರೆ ಪಂಪಿನ ಪೊರೆ ಆಡಲು ಕ್ರ್ಯಾಂಕ್ ಕೇಸಿನ ಒತ್ತಡವೂ ಬೇಕು, ಸೆಳೆತವೂ ಬೇಕು. ಒಂದೇ ದಿಕ್ಕಿಗೆ ಗಾಳಿ ಬಿಡುವ ಹಳೆಯ ವಾಲ್ವನ್ನು ತೆಗೆಯದೆ ಪಂಪು ಹಾಕಿದರೆ ಅದು ಆಡುವುದೇ ಇಲ್ಲ.

ಕಾರ್ಬುರೇಟರನ್ನು ಬಿಚ್ಚಿ ತೊಳೆಯುವಾಗ ಒಳಗಿನ ಬೂಚಿನ ಫ್ಲೋಟನ್ನು ಪರೀಕ್ಷಿಸಿ. ಅದಕ್ಕೆ ಬಳಿದಿರುವ ಅರಗಿನ ಲೇಪ ಎಥೆನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಕರಗುತ್ತದೆ, ಆಮೇಲೆ ಬೂಚು ಪೆಟ್ರೋಲ್ ಹೀರಿ ಭಾರವಾಗಿ ಮುಳುಗುತ್ತದೆ. ಎರಡು ಸೂಜಿ ತಿರುಪುಗಳನ್ನೂ ಮೃದುವಾಗಿ ಪೂರ್ತಿ ಮುಚ್ಚಿ, ನಿಧಾನ ವೇಗದ್ದನ್ನು ಒಂದೂವರೆ ಸುತ್ತು, ಹೆಚ್ಚು ವೇಗದ್ದನ್ನು ಮುಕ್ಕಾಲು ಅಥವಾ ಒಂದು ಸುತ್ತು ತೆರೆದು ಆರಂಭಿಸಿ. ಉಳಿದ ಹೊಂದಾಣಿಕೆ ಎಂಜಿನ್ ಬಿಸಿಯಾದ ಮೇಲೆ. ಈಗಿನ ಟೂ-ಸ್ಟ್ರೋಕ್ ಎಂಜಿನ್ನುಗಳ 50:1 ಮಿಶ್ರಣ ಇದಕ್ಕೆ ಸಾಲದು. 24 ಭಾಗ ಪೆಟ್ರೋಲಿಗೆ ಒಂದು ಭಾಗ ಟಿಸಿ-ಡಬ್ಲ್ಯೂ3 ದರ್ಜೆಯ ಔಟ್‌ಬೋರ್ಡ್ ಎಣ್ಣೆ ಬೆರೆಸಿ.

ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ವರ್ಷಗಟ್ಟಲೆ ಒಣಗಿ ನಿಂತಿದ್ದ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಯ ಚಕ್ರ, ಗಟ್ಟಿಯಾಗಿರುತ್ತದೆ, ಅದನ್ನು ಮೊದಲೇ ಬದಲಿಸಿ. ಅದಕ್ಕಾಗಿ ಕೆಳಗಿನ ಗೇರ್ ಭಾಗವನ್ನು ಇಳಿಸುವಾಗ ಗೇರ್ ಸಲಾಕೆಯ ಜೋಡಣೆಯನ್ನು ಬಿಚ್ಚಲು ಮರೆಯಬೇಡಿ. ಬಳಿಕ ದೊಡ್ಡ ಡ್ರಮ್ಮಿನಲ್ಲಿ ಪಂಪು ಮುಳುಗುವಷ್ಟು ನೀರು ತುಂಬಿ ಓಡಿಸಿ ನೋಡಿ. ಈಗಿನ ಎಂಜಿನ್ನುಗಳಂತೆ ಪಕ್ಕದಿಂದ ನೀರಿನ ಎಳೆ ಚಿಮ್ಮುವುದಿಲ್ಲವೆಂದು ಗಾಬರಿಯಾಗಬೇಡಿ, ಇದರಲ್ಲಿ ಆ ವ್ಯವಸ್ಥೆಯೇ ಇಲ್ಲ. ಎಂಜಿನ್ನಿನ ಕಾಲಿನ, ಅಂದರೆ ನೀರಿಗೆ ಇಳಿಯುವ ಉದ್ದ ಭಾಗದ, ಹಿಂಬದಿಯ ಹೊಗೆತೂತುಗಳಿಂದ ಹೊಗೆಯೊಂದಿಗೆ ನೀರಿನ ತುಂತುರು ಬರುತ್ತಿದ್ದರೆ ಪಂಪು ಸರಿಯಾಗಿದೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹಳೆಯ ಬ್ರಿಟಿಷ್ ಸೀಗಲ್ ಎಂಜಿನ್ ಕೊಂಡಿದ್ದೇನೆ. ಗೇರ್ ಬಾಕ್ಸಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದೆ. ಸೀಲು ಎಲ್ಲಿ ಬದಲಿಸಬೇಕು?

ಉತ್ತರ: ಬೇರೆ ಎಂಜಿನ್ನಿನಲ್ಲಾದರೆ ಅದು ಸೀಲು ಹೋಗಿರುವ ಲಕ್ಷಣ, ಸೀಗಲ್‌ನಲ್ಲಿ ಅಲ್ಲ. ಪೂಲ್ ಪಟ್ಟಣದಲ್ಲಿ ತಯಾರಾಗುತ್ತಿದ್ದ ಈ ಸರಳ ಎಂಜಿನ್ನಿನ ಗೇರ್ ಬಾಕ್ಸ್ ಪೂರ್ತಿ ಮುಚ್ಚಿದ್ದಲ್ಲ. ಎಣ್ಣೆಗೆ ಸ್ವಲ್ಪ ನೀರು ಸೇರುವುದು ಸಹಜವೆಂದೇ ಅದಕ್ಕೆ 140 ದರ್ಜೆಯ ಬಹಳ ಮಂದವಾದ ಗೇರ್ ಎಣ್ಣೆಯನ್ನು ಹೇಳಿದ್ದಾರೆ. ಆಗಾಗ ಬದಲಿಸುತ್ತಿರಿ, ಅಷ್ಟು ಸಾಕು. ಮಾದರಿ ತಿಳಿಯಲು ಕೆತ್ತಿರುವ ಸಂಖ್ಯೆಯ ಮುಂದಿನ ಅಕ್ಷರಗಳನ್ನು ನೋಡಿ. ವಿಲಿಯರ್ಸ್ ಕಾರ್ಬುರೇಟರ್ ಇರುವ ಹಳೆಯ ಮಾದರಿಯಾದರೆ ಹತ್ತು ಭಾಗ ಪೆಟ್ರೋಲಿಗೆ ಒಂದು ಭಾಗ ಎಣ್ಣೆ ಬೇಕು. ಕಾರ್ಬುರೇಟರಿನ ಸೂಜಿಯನ್ನು ಬದಲಿಸದೆ ಎಣ್ಣೆಯನ್ನು ಕಡಿಮೆ ಮಾಡಬಾರದು. ಕ್ಲಚ್ ಇಲ್ಲದ ಮಾದರಿಯಲ್ಲಿ ಹಗ್ಗ ಎಳೆದು ಎಂಜಿನ್ ಹಿಡಿದ ಕೂಡಲೇ ದೋಣಿ ಮುನ್ನುಗ್ಗುತ್ತದೆ, ಮುಂದೆ ಜಾಗ ಇದೆಯೇ ಎಂದು ನೋಡಿಯೇ ಎಳೆಯಿರಿ.

ಪ್ರಶ್ನೆ: ನಮ್ಮದು ಕುಂದಾಪುರದ ಕಡೆ. ಗಲ್ಫ್‌ನಲ್ಲಿದ್ದ ಚಿಕ್ಕಪ್ಪ ಬಹಳ ಹಿಂದೆ ತಂದಿಟ್ಟ ಸಣ್ಣ ಪೆಟ್ರೋಲ್ ಎಂಜಿನ್ನಿನ ಹೆಸರೂ ಪಟ್ಟಿಯೂ ಉಳಿದಿಲ್ಲ, ಅದು ತಿರುಗುವುದೂ ಇಲ್ಲ. ಗುರುತು ಹಿಡಿಯುವುದು ಹೇಗೆ? ಸರಿಯಾದರೆ ಊರಿನ ನಾಡದೋಣಿಗಳಂತೆ ಸೀಮೆಎಣ್ಣೆಯಲ್ಲಿ ಓಡಿಸಬಹುದೇ?

ಉತ್ತರ: ಪಟ್ಟಿ ಇಲ್ಲದಿದ್ದರೂ ಸ್ಪ್ಯಾನರ್ ಒಳ್ಳೆಯ ಸುಳಿವು ಕೊಡುತ್ತದೆ. 10, 12, 14 ಮಿಲಿಮೀಟರ್ ಸ್ಪ್ಯಾನರುಗಳು ಬಿಗಿಯಾಗಿ ಕೂತರೆ ಅದು ಜಪಾನಿನದಿರಬೇಕು. ಯಮಹಾ 1960ರಲ್ಲಿ, ಸುಜುಕಿ 1965ರಲ್ಲಿ ಔಟ್‌ಬೋರ್ಡ್ ತಯಾರಿಕೆಗೆ ಇಳಿದವು ಎಂಬುದರಿಂದ ಕಾಲದ ಅಂದಾಜೂ ಸಿಗುತ್ತದೆ. ಇಂಚಿನ ಸ್ಪ್ಯಾನರ್ ಕೂತರೆ ಬಹುಶಃ ಅಮೆರಿಕದ್ದು. ಕಾರ್ಬುರೇಟರಿನ ಮೇಲೂ ಫ್ಲೈವೀಲಿನ ಕೆಳಗಿನ ತಟ್ಟೆಯ ಮೇಲೂ ಅವುಗಳ ತಯಾರಕರ ಗುರುತು ಒತ್ತಿರುತ್ತದೆ, ಬಿಚ್ಚುವ ಮೊದಲು ಎಲ್ಲದರ ಫೋಟೋ ತೆಗೆದಿಡಿ.

ತಿರುಗದ ಎಂಜಿನ್ನಿನ ಹಗ್ಗವನ್ನು ಜಗ್ಗಿದರೆ ಹಗ್ಗದ ಚಕ್ರ ಮುರಿಯುತ್ತದೆಯೇ ಹೊರತು ಪಿಸ್ಟನ್ ಬಿಡುವುದಿಲ್ಲ. ಪ್ಲಗ್ಗಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆಯನ್ನು ಸುರಿದು ಕೆಲವು ದಿನ ನೆನೆಯಲು ಬಿಡಿ. ನಡುನಡುವೆ ಫ್ಲೈವೀಲನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಸ್ವಲ್ಪವೇ ಅಲುಗಿಸಿ, ಬಿಟ್ಟ ಮೇಲೂ ಒಳಗೆ ಉಪ್ಪಿನ ಕೊರೆತ ಇದೆಯೇ ಎಂದು ಸಿಲಿಂಡರಿನ ತಲೆ ತೆಗೆದು ನೋಡಿ.

ಸೀಮೆಎಣ್ಣೆ ಬೇಡ. ನಮ್ಮ ಕರಾವಳಿಯ ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ನುಗಳನ್ನು ಆ ಇಂಧನಕ್ಕೆಂದೇ ಕಡಿಮೆ ಕಂಪ್ರೆಶನ್ ಇಟ್ಟು ಮಾಡಿರುತ್ತಾರೆ. ಅವು ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಮೇಲಷ್ಟೇ ಸೀಮೆಎಣ್ಣೆಗೆ ಬದಲಾಗುತ್ತವೆ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬರುತ್ತವೆ. ಪೆಟ್ರೋಲಿಗೆಂದು ಮಾಡಿದ ಎಂಜಿನ್ನಿನಲ್ಲಿ ಸೀಮೆಎಣ್ಣೆ ಹಾಕಿದರೆ ಅದು ಒತ್ತಡಕ್ಕೆ ಅಕಾಲದಲ್ಲಿ ಹೊತ್ತಿ, ಬಡಿತ ಹುಟ್ಟಿ, ಪಿಸ್ಟನ್ ಸುಟ್ಟುಹೋಗುವ ಅಪಾಯವಿದೆ. ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿಯೇ ಓಡಿಸಿ. ಸಮುದ್ರದಿಂದ ಬಂದ ದಿನವೇ ಸಿಹಿನೀರಿನ ಡ್ರಮ್ಮಿನಲ್ಲಿ ಐದು-ಹತ್ತು ನಿಮಿಷ ಓಡಿಸಿ, ಎಂಜಿನ್ನನ್ನು ನೇರವಾಗಿ ನಿಲ್ಲಿಸಿ ಒಳಗಿನ ನೀರು ಪೂರ್ತಿ ಬಸಿದುಹೋಗಲು ಬಿಡಿ.