ಡಿಎಫ್ ಔಟ್‌ಪುಟ್‌ನ ಐದನೇ ಕಾಲಂ ಖಾಲಿ ಬರುತ್ತಿದ್ದರೆ

ಡಿಎಫ್ (ಡಿಸ್ಕ್‌ನಲ್ಲಿ ಎಷ್ಟು ಜಾಗ ಬಳಕೆಯಾಗಿದೆ ಎಂದು ತೋರಿಸುವ ಲಿನಕ್ಸ್ ಕಮಾಂಡ್) ಕೊಡುವ ಐದನೇ ಕಾಲಂ ಅನ್ನು ಆಕ್‌ನಿಂದ (ಸಾಲುಗಳಿಂದ ಬೇಕಾದ ಕಾಲಂ ಆರಿಸುವ ಕಮಾಂಡ್) ತೆಗೆಯುವ ನಿಮ್ಮ ಸ್ಕ್ರಿಪ್ಟ್ ಬೇರೆ ಸರ್ವರ್‌ಗಳಲ್ಲೆಲ್ಲ ಸರಿಯಾಗಿದ್ದು, ಒಂದು ಸರ್ವರ್‌ನಲ್ಲಿ ಮಾತ್ರ ಶೇಕಡಾವಾರು ಬರಬೇಕಾದ ಕಡೆ ಒಮ್ಮೆ ಖಾಲಿ, ಮರುಸಾಲಿನಲ್ಲಿ ‘/ಹೋಮ್’ ಬರುತ್ತಿದೆ ಅಂದಿದ್ದೀರಿ. ಪೂರ್ತಿ ಔಟ್‌ಪುಟ್ ಹಾಕಿಲ್ಲ, ಆದರೂ ಬಹುಶಃ ಸಾಲು ಮುರಿದಿರುವುದೇ ಕಾರಣ. ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಲಿನಕ್ಸ್ ವ್ಯವಸ್ಥೆ) ಡಿವೈಸ್‌ನ ಹೆಸರು ಉದ್ದವಾದರೆ ಹಳೆಯ ಡಿಎಫ್ ಹೆಸರನ್ನು ಒಂದು ಸಾಲಿಗೆ, ಅಂಕಿಗಳನ್ನು ಮುಂದಿನ ಸಾಲಿಗೆ ಹಾಕುತ್ತದೆ. ಆಗ ಮೊದಲ ಸಾಲಿನಲ್ಲಿ ಒಂದೇ ಕಾಲಂ. ಎರಡನೆಯದರಲ್ಲಿ ಐದು, ಆ ಐದನೆಯದು ಮೌಂಟ್ ಪಾಯಿಂಟ್, ಅಂದರೆ ಆ ಫೈಲ್‌ಸಿಸ್ಟಮ್ ಜೋಡಣೆಯಾಗಿರುವ ಫೋಲ್ಡರ್. ನಿಮಗೆ ಕಾಣುತ್ತಿರುವುದು ಅದೇ.

ಮೊದಲು ಆ ಸರ್ವರ್‌ನಲ್ಲಿ ಡಿಎಫ್ ಅನ್ನು ನೀವೇ ಓಡಿಸಿ ಕಣ್ಣಾರೆ ನೋಡಿ. ಸಾಲು ಮುರಿದಿದ್ದರೆ ಸ್ಕ್ರಿಪ್ಟ್‌ನಲ್ಲಿ ‘ಡಿಎಫ್ -ಪಿ’ ಎಂದು ಬದಲಿಸಿ. ಪಿ ದೊಡ್ಡಕ್ಷರದಲ್ಲೇ ಇರಬೇಕು. ಅದು ಪಾಸಿಕ್ಸ್ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಸಾಮಾನ್ಯ ಮಾನದಂಡ) ಮಾದರಿ, ಒಂದು ಫೈಲ್‌ಸಿಸ್ಟಮ್‌ಗೆ ಒಂದೇ ಸಾಲು ಕೊಡುತ್ತದೆ. ಆಮೇಲೆ ಆಕ್‌ನಲ್ಲಿ ‘ಎನ್‌ಆರ್ > 1’ (ಸಾಲಿನ ಸಂಖ್ಯೆ ಒಂದಕ್ಕಿಂತ ಹೆಚ್ಚು) ಎಂಬ ಷರತ್ತು ಹಾಕಿದರೆ ಹೆಡರ್ ಬಿಟ್ಟುಹೋಗುತ್ತದೆ. ಮುರಿದ ಸಾಲುಗಳನ್ನು ಸೆಡ್‌ನಿಂದ (ಪಠ್ಯ ತಿದ್ದುವ ಕಮಾಂಡ್) ಜೋಡಿಸಲು ಮಾತ್ರ ಹೋಗಬೇಡಿ, ಇನ್ನೊಂದು ಸರ್ವರ್‌ನಲ್ಲಿ ಮತ್ತೆ ಕೈಕೊಡುತ್ತದೆ.

ಔಟ್‌ಪುಟ್ ಅನ್ನು ವೇರಿಯಬಲ್‌ಗೆ ತುಂಬಿ ಎಕೋ ಮಾಡುತ್ತಿದ್ದರೆ, ವೇರಿಯಬಲ್ ಸುತ್ತ ಡಬಲ್ ಕೋಟ್ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಬ್ಯಾಶ್ (ಸ್ಕ್ರಿಪ್ಟ್ ಓಡಿಸುವ ಶೆಲ್) ಎಲ್ಲ ಸಾಲುಗಳನ್ನೂ ಒಂದೇ ಸಾಲಾಗಿಸಿಬಿಡುತ್ತದೆ, -ಪಿ ಹಾಕಿದ್ದೂ ವ್ಯರ್ಥ.