ದಂಡಿನ ಚರ್ಚು ಕೆಥೆಡ್ರಲ್ ಆದದ್ದು ಯಾವಾಗ?

ಪ್ರಶ್ನೆ: ಎಂ.ಜಿ. ರಸ್ತೆಯ ತುದಿಯಲ್ಲಿರುವ ಸೇಂಟ್ ಮಾರ್ಕ್ಸ್ ಬ್ರಿಟಿಷರ ಕಾಲದಲ್ಲೂ ಕೆಥೆಡ್ರಲ್ಲೇ ಆಗಿತ್ತಾ? ಶಿವಾಜಿನಗರದ ಸೇಂಟ್ ಮೇರೀಸ್ ಅಷ್ಟು ಎತ್ತರ ಇದೆ, ಅದನ್ನು ಯಾರೂ ಕೆಥೆಡ್ರಲ್ ಅನ್ನುವುದಿಲ್ಲವಲ್ಲ, ಯಾಕೆ?
– ಓದುಗರೊಬ್ಬರು, ವಿಜಯನಗರ

ಉತ್ತರ: ಇಲ್ಲ ಸ್ವಾಮಿ, ಬ್ರಿಟಿಷರು ಇದ್ದಷ್ಟು ದಿನವೂ ಅದು ಬರೀ ಚರ್ಚು. ದೊಡ್ಡದು, ಚಿಕ್ಕದು ಅನ್ನುವುದಕ್ಕೂ ಕೆಥೆಡ್ರಲ್‌ಗೂ ಸಂಬಂಧ ಇಲ್ಲ. ಬಿಷಪ್ಪರ ಗಾದಿ ಎಲ್ಲಿದೆಯೋ ಅದು ಕೆಥೆಡ್ರಲ್, ಅಷ್ಟೇ. ಸೇಂಟ್ ಮೇರೀಸ್ ಕ್ಯಾಥೊಲಿಕರದು. ಅದಕ್ಕೆ 1974ರಲ್ಲಿ ಪೋಪ್ ಕೊಡುವ ಬೆಸಿಲಿಕಾ ಎಂಬ ಗೌರವ ಸಿಕ್ಕಿತು. ಆದರೆ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರ ಗಾದಿ ಇರುವುದು ಸೇಂಟ್ ಫ್ರಾನ್ಸಿಸ್ ಕ್ಸೇವಿಯರ್ಸ್ ಕೆಥೆಡ್ರಲ್‌ನಲ್ಲಿ.

ಈಗ ಸೇಂಟ್ ಮಾರ್ಕ್ಸ್ ವಿಷಯ. 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಕಂಪನಿಯ ಸೈನ್ಯ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಅಲ್ಲಿನ ಚಳಿಜ್ವರ ತಡೆಯಲಾರದೆ 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಬಂತು. ಚರ್ಚಿನ ಕೆಲಸ ಅದಕ್ಕೂ ಒಂದು ವರ್ಷ ಮೊದಲೇ, 1808ರಲ್ಲಿ ಶುರುವಾಗಿತ್ತು. 1812ಕ್ಕೆ ಕಟ್ಟಡ ಮುಗಿಯಿತು. ಪ್ರತಿಷ್ಠೆ ಮಾತ್ರ ಆದದ್ದು 1816ರಲ್ಲಿ. ನಾಲ್ಕು ವರ್ಷ ಯಾಕೆ ಕಾಯಬೇಕಿತ್ತು? ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಸಭೆಯ ಚರ್ಚನ್ನು ಪ್ರತಿಷ್ಠೆ ಮಾಡಬೇಕಾದವರು ಬಿಷಪ್. 1812ರಲ್ಲಿ ಇಡೀ ಹಿಂದೂಸ್ತಾನದಲ್ಲಿ ಹುಡುಕಿದರೂ ಒಬ್ಬ ಆಂಗ್ಲಿಕನ್ ಬಿಷಪ್ ಇರಲಿಲ್ಲ! ಇಲ್ಲಿಗೆ ಬಿಷಪ್ಪರನ್ನು ನೇಮಿಸಲು ದಾರಿ ಮಾಡಿದ 1813ರ ಚಾರ್ಟರ್ ಕಾಯ್ದೆಯ ನಂತರ, 1814ರಲ್ಲಿ ಥಾಮಸ್ ಮಿಡಲ್ಟನ್ ಕಲ್ಕತ್ತಾದ ಮೊದಲ ಬಿಷಪ್ ಆದರು. ಆಗ ನಮ್ಮ ದಂಡಿನ ಚರ್ಚೂ ಕಲ್ಕತ್ತಾದ ಲೆಕ್ಕಕ್ಕೇ ಸೇರಿತ್ತು. 1835ರಲ್ಲಿ ಮದ್ರಾಸಿಗೆ ಬೇರೆ ಬಿಷಪ್ ಬಂದರು, ಬೆಂಗಳೂರು ಅವರ ಕೆಳಗೆ ಹೋಯಿತು. ಗಾದಿ ಇದ್ದದ್ದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ಒಟ್ಟಿನಲ್ಲಿ ಇಲ್ಲಿನವರಿಗೆ ಬಿಷಪ್ ಅಂದರೆ ಪರಊರಿನವರು.

ಇದು ಬದಲಾದದ್ದು ಸ್ವಾತಂತ್ರ್ಯ ಬಂದ ಮೇಲೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಮೆಥಡಿಸ್ಟರು, ದಕ್ಷಿಣ ಭಾರತ ಯುನೈಟೆಡ್ ಚರ್ಚಿನವರು ಸೇರಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕಟ್ಟಿದರು. ಮೈಸೂರಿಗೇ ಒಂದು ಡಯಾಸಿಸ್, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರಾಂತ, ಆಯಿತು. ಮೊದಲ ಬಿಷಪ್ ಗುರುಶಾಂತ ಅವರು. ಸೇಂಟ್ ಮಾರ್ಕ್ಸ್‌ಗೆ ಕೆಥೆಡ್ರಲ್ ಪಟ್ಟ ಬಂದದ್ದು ಈ ಸಿ.ಎಸ್.ಐ. ಕಾಲದಲ್ಲಿ. ದೊರೆಗಳ ಚರ್ಚು ಎಂದು ಅದನ್ನು ದೂರ ಇಡುವವರನ್ನು ಕಂಡಾಗಲೆಲ್ಲ ನಾನು ಇದನ್ನೇ ಹೇಳುತ್ತೇನೆ. ದಂಡಿನವರ ಚರ್ಚೂ ಪೇಟೆ ಕಡೆಯ ಕನ್ನಡದ ಹಡ್ಸನ್ ಚರ್ಚೂ ಒಂದೇ ಸಭೆಗೆ ಸೇರಿದ್ದು ಸಣ್ಣ ಸಂಗತಿಯೇನಲ್ಲ. ಹಡ್ಸನ್ ಚರ್ಚು 1904ರದು, ಮೆಥಡಿಸ್ಟರ ವೆಸ್ಲಿಯನ್ ಮಿಷನ್ ಕಟ್ಟಿದ್ದು.

ಪ್ರಶ್ನೆ: ಸೇಂಟ್ ಮಾರ್ಕ್ಸ್ ಲಂಡನ್ನಿನ ಸೇಂಟ್ ಪಾಲ್ಸ್‌ನ ನಕಲು ಅನ್ನುತ್ತಾರೆ. ನಿಜವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಅದರಿಂದ ಸ್ಫೂರ್ತಿ ಪಡೆದದ್ದು ಅನ್ನಿ, ಒಪ್ಪುತ್ತೇನೆ. ನಕಲು ಅನ್ನುವುದು ಸುಮ್ನೆ ಜಾಸ್ತಿ ಆಯಿತು. ಕ್ರಿಸ್ಟೋಫರ್ ರೆನ್ ಕಟ್ಟಿದ ಸೇಂಟ್ ಪಾಲ್ಸ್ 365 ಅಡಿ ಎತ್ತರ. ನಮ್ಮದು ಅದರ ಮುಂದೆ ಗುಬ್ಬಚ್ಚಿ. ಅದರ ಚೆಂದವೂ ಅಲ್ಲೇ ಇದೆ ಅಲ್ವಾ? ಮರಗಳ ಸಂದಿಯಲ್ಲಿ ಗುಮ್ಮಟ ಕಂಡರೂ ಮೈಮೇಲೆ ಬಂದ ಹಾಗಿರುವುದಿಲ್ಲ. ಇನ್ನೊಂದು ಮಾತು. ನೀವು ಈಗ ನೋಡುವುದು 1812ರ ಕಟ್ಟಡವನ್ನಲ್ಲ. 1923ರಲ್ಲಿ ಬೆಂಕಿ ಬಿದ್ದು ತುಂಬಾ ಹಾಳಾಯಿತು. ಮತ್ತೆ ಕಟ್ಟಿ 1927ರಲ್ಲಿ ಎರಡನೇ ಸಲ ಪ್ರತಿಷ್ಠೆ ಮಾಡಿದರು.

ಆ ರಸ್ತೆಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಗ ಊಟದ ಡಬ್ಬಿ ಮುಗಿಸಿ ಎಷ್ಟೋ ಮಧ್ಯಾಹ್ನ ಅಲ್ಲಿ ಹೋಗಿ ಕೂತಿದ್ದೇನೆ. ನನಗೆ ಗುಮ್ಮಟಕ್ಕಿಂತ ಗೋಡೆಯ ಕಲ್ಲುಗಳೇ ಇಷ್ಟ. ಇಲ್ಲಿ ಸತ್ತ ಸೈನಿಕರ, ಅಧಿಕಾರಿಗಳ ನೆನಪಿಗೆ ಹಾಕಿಸಿದವು. ಹೆಸರು, ಹುದ್ದೆ, ಪಲ್ಟನ್ನು ಎಲ್ಲ ಕೊರೆದಿರುತ್ತಾರೆ. ಕೆಲವು ಕಡೆ ಅಕ್ಷರ ಸವೆದಿದೆ, ಬೆರಳಾಡಿಸಿ ಓದಬೇಕು.

ಪ್ರಶ್ನೆ: ಕ್ರೈಸ್ತರಲ್ಲದವರು ಒಳಗೆ ಹೋಗಬಹುದಾ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಧಾರಾಳವಾಗಿ ಹೋಗಿ. ಆರಾಧನೆ ನಡೆಯುವಾಗ ಓಡಾಡಬೇಡಿ, ಫೋಟೊ ತೆಗೆಯುವ ಮುಂಚೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ. ಮೆಟ್ರೋದಲ್ಲಿ ಬಂದರೆ ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆದುಕೊಂಡು ಹೋಗಬಹುದು. ಚಿನ್ನಸ್ವಾಮಿ ಕ್ರೀಡಾಂಗಣ ಪಕ್ಕದಲ್ಲೇ ಇರುವುದರಿಂದ ಐಪಿಎಲ್ ಪಂದ್ಯ ಇರುವ ಸಂಜೆ ಮಾತ್ರ ಆ ಕಡೆ ಸುಳಿಯಬೇಡಿ.