ಕುಂಡದಲ್ಲಿ ಮಾಕಳಿ ಬೇರು ಚಿಗುರದೆ ಕೊಳೆತಿರುವ ಬಗ್ಗೆ

ಸಂತೆಯಿಂದ ತಂದು ನೆಟ್ಟ ನಿಮ್ಮ ಮಾಕಳಿ ಬೇರುಗಳು ಕೊಳೆಯಲು, ಉಪ್ಪಿನಕಾಯಿಗೆಂದು ಮಾರುವ ಆ ತುಂಡುಗಳಲ್ಲಿ ಚಿಗುರೊಡೆಯುವ ಬುಡದ ಭಾಗ ಸಾಮಾನ್ಯವಾಗಿ ಇಲ್ಲದಿರುವುದೇ ಮುಖ್ಯ ಕಾರಣವಿರಬೇಕು. ಕುಂಡದಲ್ಲಿ ನೀರು ನಿಂತದ್ದೂ ಸೇರಿರಬಹುದು, ಮಣ್ಣನ್ನು ನೋಡದೆ ಅದನ್ನು ಖಚಿತವಾಗಿ ಹೇಳಲಾರೆ.

ಈ ಸಲ ಔಷಧೀಯ ಸಸ್ಯಗಳ ನರ್ಸರಿಯಿಂದ ಬೀಜದ ಸಸಿಯನ್ನೇ ತನ್ನಿ. ಬೀಜ ದೊರೆತರೆ, ಅದರ ತುದಿಯ ರೇಷ್ಮೆಯಂಥ ಕೂದಲನ್ನು ತೆಗೆದು, ತಡಮಾಡದೆ ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಿ ತೆಳುವಾಗಿ ಮುಚ್ಚಿರಿ. ಇದು ಒಣ ಕಾಡಿನ ಕಲ್ಲುಬಂಡೆಗಳ ನಡುವೆ ಬೆಳೆಯುವ ಬಳ್ಳಿಯಾದ್ದರಿಂದ, ಸಸಿ ಗಟ್ಟಿಯಾದ ಮೇಲೆ ನೀರು ಬಸಿದುಹೋಗುವ ನೆಲಕ್ಕೆ ಬದಲಾಯಿಸಿ, ಹಬ್ಬಲು ಆಸರೆ ಕೊಡಬೇಕು. ಬೇರು ದಪ್ಪವಾಗಲು ವರ್ಷಗಳೇ ಬೇಕು. ಆಗಲೂ ಪಕ್ಕದ ಒಂದೆರಡು ಬೇರುಗಳನ್ನಷ್ಟೇ ಕತ್ತರಿಸಿ, ಬುಡಕ್ಕೆ ಮತ್ತೆ ಮಣ್ಣು ಮುಚ್ಚಿರಿ.

ಕಾಡಿನಿಂದ ಅಗೆದು ತರುವ ಯೋಚನೆಯನ್ನು ದಯವಿಟ್ಟು ಬಿಡಿ. ಬೇರಿಗಾಗಿ ಬುಡಸಮೇತ ಕೀಳುತ್ತ ಬಂದದ್ದರಿಂದಲೇ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಈ ಬಳ್ಳಿಯನ್ನು ಅಳಿವಿನಂಚಿನ ಸಸ್ಯವೆಂದು ಗುರುತಿಸಿದೆ.

ತಾಯಿಯವರಿಗೆ ಹಸಿವು ಹೆಚ್ಚಲೆಂದು ಮಾಕಳಿ ಬೇರು ಕೊಡುವ ಬಗ್ಗೆಯೂ ಕೇಳಿದ್ದೀರಿ. ನಡುವಿನ ಗಟ್ಟಿ ನಾರನ್ನು ತೆಗೆದು ಮಜ್ಜಿಗೆಯಲ್ಲಿ ಹಾಕಿದ ಉಪ್ಪಿನಕಾಯಿಯನ್ನು ಊಟದೊಂದಿಗೆ ಸ್ವಲ್ಪ ಕೊಡುವುದು ಹಿಂದಿನಿಂದ ಬಂದ ರೂಢಿ. ಅವರು ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳಿದ ನಂತರವೇ ಕೊಡಿ.